ಬೆಳಿಗ್ಗೆಯಾದರೆ ಹೊಟ್ಟೆನೋವು: ಮಗುವನ್ನು ಮನಶ್ಶಾಸ್ತ್ರಜ್ಞರಿಗೆ ತೋರಿಸಿದವರು ಅನುಭವ ಹೇಳಿ

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಎರಡು ತಿಂಗಳಿಂದ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಮಕ್ಕಳ ಡಾಕ್ಟರು ಸ್ಕ್ಯಾನ್ ಮಾಡಿಸಿ, ಏನೂ ತೊಂದರೆಯಿಲ್ಲ, ಒಮ್ಮೆ ಮನಶ್ಶಾಸ್ತ್ರಜ್ಞರಿಗೆ ತೋರಿಸಿ ಎಂದರು. ಅತ್ತೆ "ನನ್ನ ಮೊಮ್ಮಗಳಿಗೆ ಹುಚ್ಚಾ?" ಎಂದು ಅಳುತ್ತಿದ್ದಾರೆ. ಅಲ್ಲಿ ಏನು ಮಾಡುತ್ತಾರೆ?

ದಾವಣಗೆರೆಯಿಂದ ಒಬ್ಬ ತಾಯಿ:
ನಮ್ಮ ಮಗನಿಗೂ ಮೂರನೇ ಕ್ಲಾಸಿನಲ್ಲಿ ಹೀಗೇ ಆಗಿತ್ತು. ಆ ನೋವು ನಾಟಕ ಅಲ್ಲ. ಹೆದರಿಕೆಯಾದಾಗ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ, ಪರೀಕ್ಷೆಯ ದಿನ ನಮಗೆಲ್ಲ ಆಗುತ್ತಿತ್ತು ಅಲ್ವಾ? ಇದು ಗೊತ್ತಾಗದೆ ನಾನು ಎರಡು ಸಲ ಅವನಿಗೆ ಹೊಡೆದಿದ್ದೆ. ಈಗಲೂ ನೆನೆದರೆ ಕರುಳು ಕಿವುಚುತ್ತದೆ.

ಮಗುವನ್ನು ಒಳಗೆ ಕರೆದು, ಬುದ್ಧಿ ಹೇಳಿ ಕಳಿಸುತ್ತಾರೆ ಎಂದುಕೊಂಡಿದ್ದೆ. ಮೊದಲ ದಿನ ಮುಕ್ಕಾಲು ಪಾಲು ಪ್ರಶ್ನೆ ನಮಗೇ. ನೋವು ಭಾನುವಾರ ಬರುತ್ತದಾ? ರಜೆಯಲ್ಲಿ? ರಾತ್ರಿ ಯಾರ ಪಕ್ಕ ಮಲಗುತ್ತಾನೆ? ಮನೆಯಲ್ಲಿ ಇತ್ತೀಚೆಗೆ ಏನು ಬದಲಾಗಿದೆ? ಅವನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಮನೆಯವರ ಚಿತ್ರ ಬರೆಸಿದರು. ಅಪ್ಪನನ್ನು ಬಾಗಿಲ ಹೊರಗೆ ಬರೆದ. ಚಿತ್ರ ನೋಡಿಯೇ ತೀರ್ಮಾನ ಮಾಡಲಿಲ್ಲ, ಅದನ್ನು ಹಿಡಿದು ನಿಧಾನವಾಗಿ ಮಾತಾಡಿಸಿದರು. ಆಗ ನನ್ನ ಗಂಡ ಬೇರೆ ಊರಿಗೆ ಕೆಲಸಕ್ಕೆ ಹೋಗುವ ಯೋಚನೆಯಲ್ಲಿದ್ದರು. ದಿನಾ ರಾತ್ರಿ ಜಗಳ. ಮಗು ಮಲಗಿದೆ ಎಂದುಕೊಂಡಿದ್ದೆವು. ಅವನಿಗೆ ಎಲ್ಲಾ ಕೇಳಿಸುತ್ತಿತ್ತು. ಶಾಲೆಯಿಂದ ಬರುವಷ್ಟರಲ್ಲಿ ಅಪ್ಪ ಇರುವುದಿಲ್ಲ ಎಂಬ ಭಯ.

ಎಂಟು ಸಲ ಹೋದೆವು. ಅದರಲ್ಲಿ ಮೂರು ಸಲ ನಾವಿಬ್ಬರೇ. ದಿನಾ ಬೆಳಿಗ್ಗೆ "ನೋವಿದೆಯಾ" ಎಂದು ಕೇಳಬೇಡಿ ಎಂದರು. ಮನೆಯಲ್ಲಿ ಕೂತಷ್ಟೂ ವಾಪಸ್ ಹೋಗುವುದು ಕಷ್ಟ, ಹಾಗಾಗಿ ಮೊದಲು ಗೇಟಿನ ತನಕ, ಆಮೇಲೆ ಎರಡು ಪೀರಿಯಡ್, ಆಮೇಲೆ ಊಟದ ತನಕ. ಅಪ್ಪ ಎಷ್ಟು ಹೊತ್ತಿಗೆ ಬರುತ್ತೇನೆ ಎನ್ನುತ್ತಾರೋ ಅಷ್ಟು ಹೊತ್ತಿಗೆ ಬರಲೇಬೇಕು. ಇದೇ ನಮಗೆ ಜಾಸ್ತಿ ಕಷ್ಟವಾಗಿದ್ದು. ಮಾತ್ರೆ ಇರಲಿಲ್ಲ. ಮನಶ್ಶಾಸ್ತ್ರಜ್ಞರು ಮಾತ್ರೆ ಬರೆಯುವುದಿಲ್ಲ, ಬೇಕೆನಿಸಿದರೆ ಮನೋವೈದ್ಯರಿಗೆ ಕಳಿಸುತ್ತಾರೆ.

ಅದಕ್ಕೇ ಹೇಳುತ್ತೇನೆ, ಮಗಳೊಬ್ಬಳನ್ನೇ ಕರೆದುಕೊಂಡು ಹೋಗಬೇಡಿ. ಗಂಡನೂ ಬರಲಿ. ಅತ್ತೆಯೂ ಬಂದರೆ ಇನ್ನೂ ಒಳ್ಳೆಯದು, ಅವರ ಭಯಕ್ಕೂ ಅಲ್ಲೇ ಉತ್ತರ ಸಿಗಬಹುದು. ನಾವು ಮೊದಲು ಹೋದ ಕೌನ್ಸೆಲರ್ ಹತ್ತೇ ನಿಮಿಷದಲ್ಲಿ "ನೀವು ಬೆಳೆಸಿದ್ದೇ ಸರಿಯಿಲ್ಲ" ಎಂದುಬಿಟ್ಟರು. ಆಮೇಲೆ ವಿಚಾರಿಸಿಯೇ ಹೋದೆವು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸೆ ಕೊಡುವ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು, ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಕೇಳಲು ಸಂಕೋಚ ಬೇಡ.

ಮೈಸೂರಿನ ತಂದೆ:
ನಮ್ಮ ಮಗಳದ್ದು ಬೇರೆ ಕಥೆ. ಕನ್ನಡ ಪೀರಿಯಡ್ ಇರುವ ದಿನ ಮಾತ್ರ ನೋವು. ಗಟ್ಟಿಯಾಗಿ ಓದಿಸುತ್ತಿದ್ದರು, ಅವಳಿಗೆ ಅಕ್ಷರ ಕೂಡುತ್ತಿರಲಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆವು. ಕಲಿಕಾ ನ್ಯೂನತೆ ಎಂದು ತಿಳಿಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. "ಹಾಗಾದರೆ ನಾನು ದಡ್ಡಿ ಅಲ್ಲ, ಅಲ್ವಾ ಅಪ್ಪಾ?" ಎಂದು ಅವತ್ತು ಕೇಳಿದಳು. ಯಾವ ದಿನ ನೋವು, ಯಾವ ದಿನ ಇಲ್ಲ ಅಂತ ಎರಡು ವಾರ ಬರೆದಿಟ್ಟುಕೊಂಡು ಹೋಗಿ.

ಶಿರಸಿಯ ಶಿಕ್ಷಕಿ:
ಊರಲ್ಲಿ ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ.

ಕ್ಲಾಸ್ ಟೀಚರ್ ಹತ್ತಿರವೂ ಮಾತಾಡಿ. ನನ್ನ ಕ್ಲಾಸಿನ ಒಬ್ಬ ಹುಡುಗಿಗೂ ಹೀಗೇ ಹೊಟ್ಟೆನೋವು. ಆಪ್ತಸಮಾಲೋಚಕಿ ಅವಳನ್ನು "ಶಾಲೆಯಲ್ಲಿ ನಿನಗೆ ಯಾವ ಹೊತ್ತು ಬೇಡ ಅನ್ನಿಸುತ್ತೆ?" ಎಂದು ಕೇಳಿದರು. ಚಿಕ್ಕ ಬಿಡುವು ಎಂದಳು. ಶೌಚಾಲಯದ ಚಿಲಕ ಮುರಿದಿತ್ತು, ಹುಡುಗರು ಬಾಗಿಲು ತಳ್ಳುತ್ತಿದ್ದರು. ಬೆಳಿಗ್ಗೆಯಿಂದ ಸಂಜೆ ತನಕ ನೀರೇ ಕುಡಿಯದೆ ಕೂರುತ್ತಿದ್ದಳು. ವರ್ಷವಿಡೀ ಅವಳ ಎದುರೇ ನಿಂತು ಪಾಠ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ.