ಈನಮ್ ನಡುವೆ ಹೊಸ ಸ್ಟೇಟಸ್ ಸೇರಿಸಿದ ಮೇಲೆ ಹಳೇ ಆರ್ಡರ್‌ಗಳೆಲ್ಲ ಅದಲುಬದಲು

ಮಲ್ಪೆ_ಕೋಡರ್:
ಮಲ್ಪೆಯ ಮೀನು ವ್ಯಾಪಾರಿಯೊಬ್ಬರ ಆರ್ಡರ್ ಆ್ಯಪ್. ರೈಲ್ಸ್ (ವೆಬ್ ಫ್ರೇಮ್‌ವರ್ಕ್), ಪೋಸ್ಟ್‌ಗ್ರೆಸ್ (ಡೇಟಾಬೇಸ್). ಸ್ಟೇಟಸ್ ಈನಮ್‌ನಲ್ಲಿ, ಅಂದರೆ ಇಂತಿಷ್ಟೇ ಅಂತ ಮೊದಲೇ ಹೇಳಿಟ್ಟ ಹೆಸರುಗಳ ಪಟ್ಟಿಯಲ್ಲಿ, [ಬುಕ್ಕಿಂಗ್, ರವಾನೆ, ಪಾವತಿ] ಇತ್ತು. ನಿನ್ನೆ ಸಂಜೆ ಬುಕ್ಕಿಂಗ್ ಪಕ್ಕದಲ್ಲಿ 'ಐಸ್ ಪ್ಯಾಕಿಂಗ್' ಸೇರಿಸಿ, ಹೊಸ ಕೋಡ್ ಡಿಪ್ಲಾಯ್ ಮಾಡಿ ಚಾಲೂ ಮಾಡಿದೆವು. ಎರರ್ ಏನೂ ಇಲ್ಲ. ಬೆಳಿಗ್ಗೆ ನೋಡಿದರೆ ದುಡ್ಡು ಬಂದ ಆರ್ಡರ್‌ಗಳೆಲ್ಲ 'ರವಾನೆ' ಅಂತ ತೋರಿಸುತ್ತಿವೆ. ಕಳೆದ ತಿಂಗಳು ಹೋದ ಬಂಗುಡೆ ಇನ್ನೂ 'ಐಸ್ ಪ್ಯಾಕಿಂಗ್'ನಲ್ಲಿದೆ! ರೋಲ್‌ಬ್ಯಾಕ್ ಮಾಡಿ ಹಳೇ ಕೋಡ್‌ಗೆ ಮರಳಿದರೆ ಸಾಕಾ?

ಕದ್ರಿ_ಡೆವ್:
ಸಾಲದು. ಮೊದಲು ಆ್ಯಪ್ ನಿಲ್ಲಿಸಿ, ಬ್ಯಾಕಪ್ ತೆಗೆದುಕೊಳ್ಳಿ. ಈನಮ್‌ಗೆ ಅರೇ (ಬರೀ ಹೆಸರುಗಳ ಸಾಲು) ಕೊಟ್ಟರೆ ರೈಲ್ಸ್ ಡೇಟಾಬೇಸ್‌ನಲ್ಲಿ ಹೆಸರು ಬರೆಯುವುದಿಲ್ಲ, 0ಯಿಂದ ಎಣಿಸಿ ಎಷ್ಟನೇದು ಅಂತಷ್ಟೇ ಬರೆಯುತ್ತದೆ. ನಿಮ್ಮ ಹಳೇ 2 ಪಾವತಿ, ಈಗಿನ 2 ರವಾನೆ. ನಿನ್ನೆ ಸಂಜೆಯಿಂದ ಬರೆದ ಸಾಲುಗಳು ಹೊಸ ಲೆಕ್ಕದಲ್ಲಿವೆ. ರೋಲ್‌ಬ್ಯಾಕ್ ಮಾಡಿದರೆ ಅವು ಕೆಡುತ್ತವೆ.

ಅರೇ ಬದಲು ಹ್ಯಾಶ್ (ಹೆಸರಿಗೊಂದು ನಂಬರ್) ಕೊಡಿ: ಬುಕ್ಕಿಂಗ್ 0, ಐಸ್ ಪ್ಯಾಕಿಂಗ್ 3, ರವಾನೆ 1, ಪಾವತಿ 2. ಆಮೇಲೆ, ಡಿಪ್ಲಾಯ್ ನಂತರ ಸ್ಟೇಟಸ್ ಬದಲಾದ ಸಾಲುಗಳಲ್ಲಿ ಮಾತ್ರ 1 ಇದ್ದದ್ದು 3, 2 ಇದ್ದದ್ದು 1, 3 ಇದ್ದದ್ದು 2 ಆಗಬೇಕು. ಎಸ್‌ಕ್ಯೂಎಲ್‌ನ ಕೇಸ್ ('ಇದಿದ್ದರೆ ಅದು' ಅನ್ನುವ ಷರತ್ತು) ಬಳಸಿ ಒಂದೇ ಅಪ್‌ಡೇಟ್‌ನಲ್ಲಿ ಮುಗಿಸಿ. ಮೂರು ಅಪ್‌ಡೇಟ್ ಸಾಲಾಗಿ ಓಡಿಸಿದರೆ, ಮೊದಲು 3 ಆದದ್ದು ಕೊನೆಗೆ 2 ಆಗಿ ಕೂರುತ್ತದೆ. ಐಸ್‌ನಲ್ಲಿರುವ ಮೀನಿಗೆ ಆಗಲೇ ದುಡ್ಡು ಬಂದ ಹಾಗೆ!

'ಅಪ್‌ಡೇಟೆಡ್ ಅಟ್' (ಸಾಲು ಕೊನೆಗೆ ಬದಲಾದ ಸಮಯ) ನೋಡಿ ಸುಮ್ನೆ ಸಾಲು ಆರಿಸಬೇಡಿ. ಯಾರೋ ಫೋನ್ ನಂಬರ್ ತಿದ್ದಿದರೂ ಅದು ಬದಲಾಗುತ್ತದೆ.

ಮಲ್ಪೆ_ಕೋಡರ್:
ಸ್ಟೇಟಸ್ ಲಾಗ್ ಟೇಬಲ್ ಇತ್ತು, ಅದರಿಂದ ಆರಿಸಿದೆ. ಸರಿಹೋಯ್ತು, ಥ್ಯಾಂಕ್ಸ್. ಇದಕ್ಕಿಂತ ಪೋಸ್ಟ್‌ಗ್ರೆಸ್‌ನದ್ದೇ ಈನಮ್ ಟೈಪ್ ಒಳ್ಳೇದಾ? ಮೀನಿನ ಹೆಸರುಗಳೂ ಈನಮ್‌ನಲ್ಲೇ ಇವೆ.

ಮಣಿಪಾಲ_ಡಿಬಿ:
ಅದರಲ್ಲಿ ಹೊಸ ಹೆಸರನ್ನು ಎಲ್ಲಿ ಬೇಕಾದರೂ ತೂರಿಸಬಹುದು, ಹಳೇ ಡೇಟಾ ಅಲುಗಾಡುವುದಿಲ್ಲ. ಆದರೆ ಸೇರಿಸಿದ್ದನ್ನು ತೆಗೆಯಲು ಕಮಾಂಡ್ ಇಲ್ಲ. ಹೊಸ ಟೈಪ್ ಮಾಡಿ ಕಾಲಮ್ಮನ್ನೇ ಬದಲಾಯಿಸಬೇಕು. ನಾನಾದರೆ ಟೆಕ್ಸ್ಟ್ ಕಾಲಮ್ ಇಟ್ಟು ಚೆಕ್ (ಇಂಥ ಹೆಸರುಗಳಷ್ಟೇ ಬರಬೇಕೆಂಬ ಡೇಟಾಬೇಸ್ ನಿಯಮ) ಹಾಕುತ್ತೇನೆ. ಜೊತೆಗೆ ನಾಟ್ ನಲ್ (ಖಾಲಿ ಬಿಡಬಾರದೆಂಬ ನಿಯಮ) ಬೇಕೇ ಬೇಕು, ಚೆಕ್ ಇದ್ದರೂ ನಲ್, ಅಂದರೆ ಖಾಲಿ ಬೆಲೆ, ನುಸುಳುತ್ತದೆ.

ಮೀನಿನ ಹೆಸರುಗಳು ಮಾತ್ರ ಬೇರೆ ಟೇಬಲ್‌ಗೆ ಹೋಗಲಿ. ಸ್ಟೇಟಸ್ ನೋಡಿ ಕೋಡ್ ಬೇರೆ ಬೇರೆ ಕೆಲಸ ಮಾಡುತ್ತದೆ. ಬೂತಾಯಿಗೂ ಅಂಜಲ್‌ಗೂ ಕೋಡ್‌ನಲ್ಲಿ ಏನು ವ್ಯತ್ಯಾಸ? ರೇಟ್ ಅಷ್ಟೇ ಅಲ್ವಾ. ಬಲೆಗೆ ಬೇರೆ ಮೀನು ಬಿದ್ದ ದಿನ ವ್ಯಾಪಾರಿ ನಿಮ್ಮ ಡಿಪ್ಲಾಯ್‌ಗೆ ಕಾಯುತ್ತಾ ಕೂರಬೇಕಾ? 'ಚಾಲ್ತಿ' ಅಂತ ಒಂದು ಕಾಲಮ್ ಇಡಿ. ಬೇಡದ ಮೀನನ್ನು ಡಿಲೀಟ್ ಮಾಡಬೇಡಿ, ಹಳೇ ಬಿಲ್‌ಗೆ ಹೆಸರು ಬೇಕಲ್ಲ.

ಮಲ್ಪೆ_ಕೋಡರ್:
ಚೆಕ್ ಇವತ್ತೇ ಹಾಕುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ರಜೆ, ಆರ್ಡರ್ ಜಾಸ್ತಿ ಇರುವುದಿಲ್ಲ. ಮೀನಿನ ಟೇಬಲ್ ಆಗ ಮಾಡುತ್ತೇನೆ.