ಸಹಾಯ ಬೇಕು: ಮಾಂಸಪ್ರಿಯ ಭಾವನನ್ನೂ ಒಪ್ಪಿಸುವ ವೀಗನ್ ಹೋಟೆಲ್ ಬೆಂಗಳೂರಲ್ಲಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಮಗಳ ಹುಟ್ಟುಹಬ್ಬ. ಅವಳು ಒಂದು ವರ್ಷದಿಂದ ವೀಗನ್. ಹಾಲು, ಮೊಸರು, ತುಪ್ಪ ಏನೂ ಮುಟ್ಟಲ್ಲ. ಊಟಕ್ಕೆ ಬರುವ ನಮ್ಮ ಭಾವ ಮಂಡ್ಯದವರು. ಬನ್ನೂರು ಕುರಿ ಮಾಂಸ, ಮುದ್ದೆ ಇಲ್ಲದಿದ್ದರೆ ಅದು ಅವರ ಲೆಕ್ಕದಲ್ಲಿ ಊಟವೇ ಅಲ್ಲ!

ಹೋದ ಸಲ ಒಂದು ಕೆಫೆಗೆ ಕರೆದುಕೊಂಡು ಹೋಗಿ ಕೆಟ್ಟೆ. ಸೋಯಾದ ನಕಲಿ ಚಿಕನ್ ತಿಂದು ಭಾವ, "ಏನಮ್ಮಾ ಇದು, ಚಪ್ಪಲಿ ಅಗಿದ ಹಾಗಿದೆ" ಅಂದರು. ತಪ್ಪೇನಿಲ್ಲ ಬಿಡಿ, ನನಗೂ ಹಾಗೇ ಅನಿಸಿತು.

ಹಾಗಾಗಿ ನಕಲಿ ಮಾಂಸ ಬೇಡ. ನಮ್ಮದೇ ಅಡುಗೆ ಸಾಕು. ಹಿತಕಿದ ಅವರೆಬೇಳೆ ಸಾರಿಗೆ ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ ರುಬ್ಬಿ ಹಾಕಿದರೆ ಭಾವ ಎರಡು ಮುದ್ದೆ ಜಾಸ್ತಿನೇ ನುಂಗುತ್ತಾರೆ. ಮಟನ್ ಸಾರಿಗೂ ಹೆಚ್ಚುಕಮ್ಮಿ ಅದೇ ಮಸಾಲೆ ಅಲ್ವಾ? ಆದರೆ ಈಗ ಅವರೆಕಾಯಿ ಸೀಸನ್ ಮುಗಿದಿದೆ. ಮಂಗಳೂರು ಕಡೆಯ ಗುಜ್ಜೆ (ಎಳೆ ಹಲಸಿನಕಾಯಿ) ಸುಕ್ಕ, ಅಣಬೆ ಪೆಪ್ಪರ್ ಫ್ರೈ ಚೆನ್ನಾಗಿ ಮಾಡುವ ಜಾಗ ಇದ್ದರೆ ಹೇಳಿ.

1924ರಲ್ಲಿ ಶುರುವಾದ ಎಂಟಿಆರ್ ಹೇಳಬೇಡಿ, ನನಗೂ ಇಷ್ಟವೇ. ಆದರೆ ರವೆ ಇಡ್ಲಿಗೆ ಮೊಸರು, ದೋಸೆಗೆ ತುಪ್ಪ. ಸೋಯಾ ಚಾಪ್ ಅಂಗಡಿಗಳದ್ದೂ ಇದೇ ಕಥೆ, ಮಲಾಯಿ ಚಾಪ್ ತುಂಬ ಕ್ರೀಮ್.

ಆರು ಜನ ಇದ್ದೇವೆ. ತಲೆಗೆ 600 ರೂಪಾಯಿ ಒಳಗೆ ಆಗಬೇಕು. ಜಯನಗರ, ಬಸವನಗುಡಿ ಹತ್ತಿರ ಆದರೆ ಒಳ್ಳೆಯದು. ಸುಮ್ನೆ ಕೇಳಿದ್ದಲ್ಲ, ನೀವೇ ತಿಂದು ನೋಡಿದ ಜಾಗ ಮಾತ್ರ ತಿಳಿಸಿ ಪ್ಲೀಸ್.