ಕೋಲ್ ಬೆಡ್ ಮೀಥೇನ್‌ಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಲ್ಲಿ ಒಂದು ಕೇಳಿಕೆ. ಶಿರಸಿಯ ಹೈಸ್ಕೂಲ್ ಮಕ್ಕಳಿಗಾಗಿ ಇಂಧನಗಳ ಬಗ್ಗೆ ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಗೋಬರ್ ಗ್ಯಾಸಿನ ಪಾಠ ಸಲೀಸಾಗಿ ಮುಗಿಯಿತು. ಕೊಟ್ಟಿಗೆ ಇರುವ ಎಷ್ಟೋ ಮನೆಗಳಲ್ಲಿ ಮಕ್ಕಳು ಅದನ್ನು ದಿನಾ ನೋಡುತ್ತಾರೆ. ಅದರಲ್ಲಿರುವ ಉರಿಯುವ ಅನಿಲ ಮೀಥೇನೇ ಕಲ್ಲಿದ್ದಲಿನ ಪದರಗಳಲ್ಲೂ ಇದೆ, ಅದಕ್ಕೇ ಕೋಲ್ ಬೆಡ್ ಮೀಥೇನ್ ಅನ್ನುತ್ತಾರೆ ಎಂದು ಬರೆಯಲು ಹೊರಟಾಗ ಪದಗಳು ಕೈಕೊಟ್ಟವು.

'ಕಲ್ಲಿದ್ದಲು ಅನಿಲ' ಅಂದರೆ ಗೊಂದಲ. ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ತೆಗೆದು, ಹಿಂದೆ ಬೀದಿದೀಪಕ್ಕೆ ಉರಿಸುತ್ತಿದ್ದ ಕೋಲ್ ಗ್ಯಾಸ್ ಬೇರೆಯದೇ. 'ಗಣಿ ಅನಿಲ'ವೂ ಹೊಂದುವುದಿಲ್ಲ. ಇಲ್ಲಿ ಗಣಿ ತೋಡುವುದೇ ಇಲ್ಲ, ಬೋರ್ ಕೊರೆಯುತ್ತಾರೆ ಅಷ್ಟೇ. ನನಗೆ 'ಕಲ್ಲಿದ್ದಲ ಹಾಸಿನ ಮೀಥೇನ್' ಸರಿ ಅನಿಸುತ್ತದೆ. ಹಾಸುಗಲ್ಲು, ಹಾಸುಬಂಡೆ ನಮ್ಮ ಬಾಯಲ್ಲಿ ಇದ್ದೇ ಇವೆ, ಅಲ್ವಾ?

ನಿಜವಾದ ತೊಡಕು ಅಡ್ಸಾರ್ಪ್ಷನ್, ಅಂದರೆ ಅನಿಲ ಒಂದು ವಸ್ತುವಿನೊಳಗೆ ಬೆರೆಯದೆ ಅದರ ಮೈಗೆ ಮಾತ್ರ ಅಂಟಿಕೊಳ್ಳುವುದು. 'ಅಧಿಶೋಷಣೆ' ಅಂದರೆ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ. ಸುಮ್ನೆ 'ಹೀರಿಕೆ' ಅಂತ ಬರೆದರೆ ಅರ್ಥವೇ ಕೆಡುತ್ತದೆ. ಈ ಅನಿಲದ ಹೆಚ್ಚಿನ ಪಾಲು ಕಲ್ಲಿದ್ದಲಿನ ಕಣ್ಣಿಗೆ ಕಾಣದ ತೂತುಗಳ ಒಳಮೈಗೆ ಅಂಟಿಕೊಂಡಿರುತ್ತದೆ. ಪದರದಲ್ಲಿ ತುಂಬಿರುವ ನೀರಿನ ಒತ್ತಡ ಅದನ್ನು ಅಲ್ಲೇ ಹಿಡಿದಿಡುತ್ತದೆ. ಹಾಗಾಗಿ ಬೋರ್ ಕೊರೆದ ಮೇಲೆ ಮೊದಲು ಪಂಪ್ ಮಾಡುವುದು ನೀರನ್ನು. ಶುರುವಿಗೆ ನೀರೇ ಜಾಸ್ತಿ, ಗ್ಯಾಸ್ ಕಡಿಮೆ. ಒತ್ತಡ ಇಳಿದಂತೆ ಅನಿಲ ಇದ್ದಲನ್ನು ಬಿಟ್ಟು ಹೊರಡುತ್ತದೆ, ನೀರು ಇಳಿಮುಖವಾಗುತ್ತದೆ. ಅಂಟುವುದಕ್ಕೆ 'ಮೈಗಂಟು', ಬಿಡುವುದಕ್ಕೆ 'ಮೈಬಿಡು' ಅಂದರೆ ಹೇಗೆ? ಎರಡನ್ನೂ ಜೋಡಿಯಾಗಿ ಬಳಸಬಹುದು ಅನ್ನುವುದೇ ನನಗೆ ಇವುಗಳಲ್ಲಿ ಇಷ್ಟವಾದದ್ದು.

ಇನ್ನೊಂದು, ಕ್ಲೀಟ್. ಇದ್ದಲಿನಲ್ಲಿ ತಾನಾಗಿ ಮೂಡಿದ ಸಣ್ಣ ಸೀಳುಗಳಿವು. ಉದ್ದಕ್ಕೆ ಒಂದು ಸಾಲು, ಅದಕ್ಕೆ ಹೆಚ್ಚುಕಡಿಮೆ ಅಡ್ಡವಾಗಿ ಇನ್ನೊಂದು. ಅಡ್ಡ ಸೀಳುಗಳು ಉದ್ದ ಸೀಳಿಗೆ ಬಂದು ನಿಲ್ಲುತ್ತವೆ. ನೀರಿಗೂ ಅನಿಲಕ್ಕೂ ಬಾವಿಯವರೆಗೆ ಇದೇ ದಾರಿ. 'ಬಿರುಕು' ಅಂದರೆ ಏನೋ ಒಡೆದುಹೋದ ಹಾಗೆ ಕೇಳಿಸುತ್ತದೆ. 'ಉದ್ದಸೀಳು', 'ಅಡ್ಡಸೀಳು' ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ.

ಭಾರತದಲ್ಲಿ ಈ ಅನಿಲ ವಾಣಿಜ್ಯ ಮಟ್ಟದಲ್ಲಿ ಮೊದಲು ಸಿಕ್ಕಿದ್ದು 2007ರಲ್ಲಿ, ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ. ನಮ್ಮ ಜಿಲ್ಲೆಯ ಬಂಡೆಗಳು ಅಲ್ಲಿಯ ಕಲ್ಲಿದ್ದಲಿಗಿಂತ ಎಷ್ಟೋ ಹಳೆಯವು, ಇಲ್ಲಿ ಕಲ್ಲಿದ್ದಲಿಲ್ಲ. ಹಾಗಾಗಿ ಇದ್ದಲಿನ ಕೆಲಸದ ಮಾತು ಇಲ್ಲಿ ಸಿಗಲಾರದು. ಆದರೆ ಕಲ್ಲಿನ ಕೆಲಸ ಇದೆಯಲ್ಲ! ಕಾರವಾರ, ಅಂಕೋಲಾ, ಕುಮಟಾ ಕಡೆ ಕಲ್ಲು ಒಡೆಯುವವರು, ಬಾವಿ ತೋಡುವವರು ಬಂಡೆಯಲ್ಲಿ ತಾನಾಗಿ ಇರುವ ಸೀಳಿಗೆ ಏನನ್ನುತ್ತಾರೆ? ಅದರಲ್ಲಿ ನೀರು ಜಿನುಗುತ್ತಿದ್ದರೆ ಬೇರೆ ಹೆಸರಿದೆಯೇ? ಕೇಳಿ ಬಲ್ಲವರು ಆ ಮಾತನ್ನು ಇದ್ದ ಹಾಗೆಯೇ, ಯಾವ ಊರಿನದು ಎಂದೂ ಸೇರಿಸಿ ಬರೆಯಿರಿ.